ಈ ಸಂಖ್ಯೆ ಬೈಟೋ, ಬ್ಲಾಕೋ?

ಒಂದು ಚಿಕ್ಕ ಫೈಲ್‌ಸಿಸ್ಟಂ ಡ್ರೈವರ್‌ನ (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಕೋಡ್) ಪ್ಯಾಚ್‌ಗಳನ್ನು, ಅಂದರೆ ಕೋಡ್ ಬದಲಾವಣೆಗಳನ್ನು, ರಿವ್ಯೂ ಮಾಡಿಕೊಡಿ ಅಂತ ಕೇಳಿದವರು ನನಗೆ ಹೇಳಿದ್ದು ಎರಡೇ ಮಾತು. ಇಂಟಿಜರ್ ಓವರ್‌ಫ್ಲೋ, ಅಂದರೆ ಸಂಖ್ಯೆ ತನ್ನ ಜಾಗದಲ್ಲಿ ಹಿಡಿಸದೆ ಹೋಗುವುದು, ಇದೆಯಾ ನೋಡಿ. ಕೋಡ್ ಓದೋಕೆ ಸಲೀಸಾಗಿದೆಯಾ ನೋಡಿ. ಲಿನಕ್ಸ್ ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಂನ ತಿರುಳು) ಸೇರಿಸಲು ಸಿ ಭಾಷೆಯಲ್ಲಿ ಬರೆದ ಕೋಡ್ ಅದು. ಕೇಳಿದವರ ಲೆಕ್ಕದಲ್ಲಿ ಇವು ಎರಡು ಬೇರೆ ಕೆಲಸ. ಮೊದಲನೆಯದು ಮುಖ್ಯ, ಎರಡನೆಯದು ಸಮಯ ಉಳಿದರೆ ಮಾಡುವಂಥದ್ದು. ಕೂತು ಓದತೊಡಗಿದ ಮೇಲೆ ಇವೆರಡನ್ನು ಬೇರೆ ಮಾಡೋಕೆ ನನಗೆ ಆಗಲೇ ಇಲ್ಲ. ಸಿಕ್ಕ ಬಗ್‌ಗಳಲ್ಲಿ ಹೆಚ್ಚಿನವು ಅಡಗಿ ಕೂತಿದ್ದು ಸರಿಯಾಗಿ ಅರ್ಥವಾಗದ ಹೆಸರುಗಳ ಹಿಂದೆ.

ಓವರ್‌ಫ್ಲೋ ಬಗ್ಗೆ ಮೊದಲು ಸ್ವಲ್ಪ ಹೇಳಿಬಿಡುತ್ತೇನೆ. 32 ಬಿಟ್‌ನ ಅನ್‌ಸೈನ್ಡ್ (ಋಣಾತ್ಮಕ ಆಗದ) ಸಂಖ್ಯೆಯಲ್ಲಿ ಹಿಡಿಸುವ ಅತಿ ದೊಡ್ಡ ಬೆಲೆ 4294967295. ಅದಕ್ಕೆ 1 ಕೂಡಿಸಿದರೆ ಸುತ್ತಿ ಬಂದು 0 ಆಗುತ್ತದೆ. ಸಿ ಭಾಷೆಯ ನಿಯಮವೇ ಹಾಗೆ. ಎಲ್ಲೂ ಎಚ್ಚರಿಕೆ ಬರುವುದಿಲ್ಲ, ಪ್ರೋಗ್ರಾಂ ನಿಲ್ಲುವುದಿಲ್ಲ. ಋಣಾತ್ಮಕವೂ ಆಗಬಲ್ಲ ಸೈನ್ಡ್ ಸಂಖ್ಯೆಯದು ಇನ್ನೂ ದೊಡ್ಡ ತಲೆನೋವು. ಅಲ್ಲಿ ಮಿತಿ 2147483647. ಅದನ್ನು ದಾಟಿದರೆ ಏನಾಗಬೇಕು ಅಂತ ಭಾಷೆ ಹೇಳುವುದೇ ಇಲ್ಲ. ಹಾಗೆ ಆಗುವುದೇ ಇಲ್ಲ ಅಂತ ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂ) ಅಂದುಕೊಳ್ಳಬಹುದು. ಅಂದುಕೊಂಡು, ನಾವು ಕಾಳಜಿಯಿಂದ ಬರೆದ ಪರೀಕ್ಷೆಯನ್ನೇ ಕಿತ್ತು ಹಾಕಬಹುದು. ಲಿನಕ್ಸ್ ಕರ್ನಲ್ ಕಂಪೈಲ್ ಮಾಡುವಾಗ ಇದನ್ನು ತಡೆಯುವ ಆಯ್ಕೆ ಕೊಟ್ಟಿರುತ್ತಾರೆ. ಹಾಗಾಗಿ ಕರ್ನಲ್ ಒಳಗೆ ಸೈನ್ಡ್ ಸಂಖ್ಯೆಯೂ ಸುತ್ತಿ ಬರುತ್ತದೆ, ಅಷ್ಟೆ. ಆದರೆ ಈ ಡ್ರೈವರ್‌ನ ಒಂದು ಹೆಡರ್ ಫೈಲನ್ನು (ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್), ಡಿಸ್ಕ್ ಫಾರ್ಮ್ಯಾಟ್ ಮಾಡುವ ಟೂಲ್ ಮತ್ತು ಅದನ್ನು ರಿಪೇರಿ ಮಾಡುವ ಟೂಲ್ ಕೂಡ ಬಳಸುತ್ತಿದ್ದವು. ಅವು ಕರ್ನಲ್ ಹೊರಗೆ, ಮಾಮೂಲಿ ಆಯ್ಕೆಗಳಲ್ಲಿ ಕಂಪೈಲ್ ಆಗುವಂಥವು. ಬರೆದದ್ದು ಒಂದೇ ಸಾಲು, ಆದರೆ ಎರಡು ಕಡೆ ಎರಡು ಅರ್ಥ. ನನ್ನ ಮೊದಲ ಕಾಮೆಂಟ್ ಆ ಹೆಡರ್ ಮೇಲೆಯೇ ಬಿತ್ತು. ಅಲ್ಲಿನ ಲೆಕ್ಕಗಳಲ್ಲಿ ಸೈನ್ಡ್ ಟೈಪ್ ಬೇಡ ಅಂದೆ. ಅದಕ್ಕೆ ಚರ್ಚೆಯೇ ಆಗಲಿಲ್ಲ.

ಫೈಲ್‌ಸಿಸ್ಟಂ ಕೋಡ್‌ನಲ್ಲಿ ಈ ಕಾಟ ಯಾಕೆ ಜಾಸ್ತಿ ಅಂದರೆ, ಅಲ್ಲಿ ಒಂದೇ ಜಾಗವನ್ನು ನಾಲ್ಕು ಅಳತೆಯಲ್ಲಿ ಹೇಳುತ್ತಾರೆ. ಬಳಕೆದಾರ ಬೈಟ್‌ನಲ್ಲಿ ಕೇಳುತ್ತಾನೆ. ಫೈಲ್‌ಸಿಸ್ಟಂ ಬ್ಲಾಕ್‌ನಲ್ಲಿ ಯೋಚಿಸುತ್ತದೆ. ಮೆಮರಿ ಪೇಜ್‌ನಲ್ಲಿ ಲೆಕ್ಕ ಹಾಕುತ್ತದೆ. ಕರ್ನಲ್‌ನ ಬ್ಲಾಕ್ ಪದರ 512 ಬೈಟ್‌ನ ಸೆಕ್ಟರ್‌ನಲ್ಲಿ ಮಾತಾಡುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಬಿಟ್‌ಗಳನ್ನು ಎಡಕ್ಕೋ ಬಲಕ್ಕೋ ಸರಿಸಬೇಕು, ಅಂದರೆ ಶಿಫ್ಟ್ ಮಾಡಬೇಕು (2ರಿಂದ ಮತ್ತೆ ಮತ್ತೆ ಗುಣಿಸಿದ ಅಥವಾ ಭಾಗಿಸಿದ ಹಾಗೆ). ಪ್ರತಿ ಶಿಫ್ಟ್‌ನಲ್ಲೂ ತಪ್ಪಲು ಒಂದು ಅವಕಾಶ ಇದ್ದೇ ಇದೆ.

ಆದ್ದರಿಂದ ನಾನು ಕೋಡನ್ನು ಮೇಲಿನಿಂದ ಕೆಳಕ್ಕೆ ಓದಲಿಲ್ಲ. ಒಂದು ಹಾಳೆ ತೆಗೆದುಕೊಂಡು ಪ್ರತಿ ಫಂಕ್ಷನ್‌ನಲ್ಲಿ ಬರುವ ಸಂಖ್ಯೆಗಳನ್ನು ಬರೆದುಕೊಂಡೆ. ಪಕ್ಕದಲ್ಲಿ ಮೂರು ವಿಷಯ. ಇದರ ಅಳತೆ ಯಾವುದು? ಎಷ್ಟು ಬಿಟ್ ಅಗಲ? ಎಲ್ಲಿಂದ ಬಂತು, ಡಿಸ್ಕ್‌ನಿಂದಲೋ, ಸಿಸ್ಟಂ ಕಾಲ್‌ನಿಂದಲೋ (ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕೋರಿಕೆ), ನಾವೇ ಲೆಕ್ಕ ಹಾಕಿದ್ದೋ? ಇದು ಬೇಜಾರಿನ ಕೆಲಸ. ಆದರೆ ಇಡೀ ರಿವ್ಯೂನಲ್ಲಿ ಅತಿ ಹೆಚ್ಚು ಫಲ ಕೊಟ್ಟಿದ್ದು ಇದೇ. ಯಾಕಂದರೆ ಅಳತೆಯ ಕಾಲಂ ತುಂಬಲು ಹೋದಾಗ ಎಷ್ಟೋ ಕಡೆ ಉತ್ತರ ಗೊತ್ತಾಗಲಿಲ್ಲ. ಹೆಸರುಗಳೆಲ್ಲ 'ಸ್ಟಾರ್ಟ್', 'ಲೆನ್' (ಉದ್ದ), 'ಎಂಡ್'. ಒಂದು ಫಂಕ್ಷನ್‌ನಲ್ಲಂತೂ 'ಲೆನ್' ಮೊದಲ ಅರ್ಧದಲ್ಲಿ ಬ್ಲಾಕ್‌ಗಳ ಎಣಿಕೆ. ನಡುವೆ ಒಂದು ಸಾಲಿನಲ್ಲಿ ಅದನ್ನೇ ಶಿಫ್ಟ್ ಮಾಡಿ, ಅದೇ ಹೆಸರಲ್ಲಿ ಬೈಟ್ ಆಗಿ ಮುಂದುವರಿಸಿದ್ದರು. ಮೀಟರಿನಲ್ಲಿ ಅಳೆದ ಬಟ್ಟೆಯನ್ನು ಅಡಿ ಅಂದುಕೊಂಡು ಕತ್ತರಿಸಿದ ಹಾಗೆ. ಆ ಸಾಲಿನ ಮೇಲೊಂದು ಎಕ್ಸಿಟ್ ದಾರಿ ಇತ್ತು, ಕೆಳಗೊಂದು ಇತ್ತು. ಎರಡೂ 'ಲೆನ್' ಅನ್ನೇ ವಾಪಸ್ ಕೊಡುತ್ತಿದ್ದವು. ಕರೆದವರಿಗೆ ಸಿಕ್ಕಿದ್ದು ಬ್ಲಾಕೋ ಬೈಟೋ ಅಂತ ಹೇಳೋರು ಯಾರು?

ಓವರ್‌ಫ್ಲೋ ಮಾತು ಹಾಗಿರಲಿ, ಇದನ್ನು ಓದಿ ಸರಿ ಅಂತಲೂ ಹೇಳೋಕಾಗಲ್ಲ, ತಪ್ಪು ಅಂತಲೂ ಹೇಳೋಕಾಗಲ್ಲ. ರಿವ್ಯೂ ಮಾಡುವವನಿಗೆ ಇದೇ ಅತಿ ಕೆಟ್ಟ ಸ್ಥಿತಿ.

ಮೊದಲ ನಿಜವಾದ ಬಗ್ ಸಿಕ್ಕಿದ್ದು ಬ್ಲಾಕ್ ಸಂಖ್ಯೆಯನ್ನು ಬೈಟ್‌ಗೆ ತಿರುಗಿಸುವ ಕಡೆ. ಸಾಲು ಹೀಗಿತ್ತು: ಪೋಸ್ = ಬ್ಲಾಕ್ << ಬ್ಲಾಕ್‌ಬಿಟ್ಸ್. ಆ ಜೋಡಿ ಬಾಣದ ಗುರುತು ಅಂದರೆ ಎಡಕ್ಕೆ ಶಿಫ್ಟ್. ಸಾಲಿನ ಎಡಗಡೆ 'ಪೋಸ್' (ಬೈಟ್‌ನಲ್ಲಿ ಹೇಳಿದ ಜಾಗ) 64 ಬಿಟ್. ನೋಡಿದ ತಕ್ಷಣ ಸಾಕಷ್ಟು ಜಾಗ ಇದೆ ಅನ್ನಿಸುತ್ತದೆ. ಆದರೆ 'ಬ್ಲಾಕ್' 32 ಬಿಟ್. ಸಿ ಭಾಷೆ ಬಲಗಡೆಯ ಲೆಕ್ಕವನ್ನು ಬಲಗಡೆಯ ಅಗಲದಲ್ಲೇ ಮುಗಿಸುತ್ತದೆ. ಮೇಲಿನ ಬಿಟ್‌ಗಳು ಉದುರಿಹೋದ ಮೇಲೆ ಉಳಿದದ್ದನ್ನು 64 ಬಿಟ್‌ನ ಡಬ್ಬಿಗೆ ಹಾಕುತ್ತದೆ. 4096 ಬೈಟ್‌ನ ಬ್ಲಾಕ್ ಅಂತ ಇಟ್ಟುಕೊಳ್ಳಿ. 1048576ನೇ ಬ್ಲಾಕ್ ಇರುವುದು ಸರಿಯಾಗಿ 4 ಜಿಬಿ ದಾಟುವ ಜಾಗದಲ್ಲಿ. ಈ ಸಾಲಿನ ಪ್ರಕಾರ ಅದು ಇರುವುದು 0ಯಲ್ಲಿ. ಅಂದರೆ ಡಿಸ್ಕ್‌ನ ಮೊದಲ ಬೈಟ್‌ನಲ್ಲಿ. ಈ ಫೈಲ್‌ಸಿಸ್ಟಂನಲ್ಲಿ ಸೂಪರ್‌ಬ್ಲಾಕ್ (ಇಡೀ ಫೈಲ್‌ಸಿಸ್ಟಂನ ಮೂಲ ವಿವರ) ಕೂತಿರುವುದೂ ಆ ಮೊದಲ ಬ್ಲಾಕ್‌ನಲ್ಲೇ. ಫೈಲಿನ ಡೇಟಾ ಹೋಗಿ ಅದರ ಮೇಲೆ ಬರೆದುಕೊಳ್ಳುತ್ತದೆ. ಬರೆಯುವಾಗ ಎರರ್ ಇಲ್ಲ. ಮುಂದಿನ ಸಲ ಮೌಂಟ್ ಮಾಡುವಾಗ (ಡಿಸ್ಕನ್ನು ಬಳಕೆಗೆ ಜೋಡಿಸುವಾಗ) ಗೊತ್ತಾಗುತ್ತದೆ, ಅಷ್ಟೊತ್ತಿಗೆ ಕಥೆ ಮುಗಿದಿರುತ್ತದೆ.

ಇನ್ನೊಂದು ಫೈಲ್‌ನಲ್ಲಿ ಇದೇ ಲೆಕ್ಕಕ್ಕೆ ಟೈಪ್ ಕಾಸ್ಟ್ ಹಾಕಿದ್ದರು, ಅಂದರೆ ಸಂಖ್ಯೆಯ ಟೈಪ್ ಬದಲಾಯಿಸಿದ್ದರು. ಆದರೆ ಬ್ರಾಕೆಟ್‌ನ ಹೊರಗೆ. ಮೊದಲು 32 ಬಿಟ್‌ನಲ್ಲಿ ಶಿಫ್ಟ್, ಆಮೇಲೆ 64ಕ್ಕೆ ಬದಲಾವಣೆ. ಕಳೆದುಕೊಂಡಾದ ಮೇಲೆ ಚೀಲ ದೊಡ್ಡದು ಮಾಡಿ ಏನು ಉಪಯೋಗ? ಕಾಸ್ಟ್ ಇರಬೇಕಾದದ್ದು 'ಬ್ಲಾಕ್' ಪದಕ್ಕೆ ಅಂಟಿಕೊಂಡು, ಶಿಫ್ಟ್ ಆಗುವ ಮೊದಲು. ಒಂದು ಬ್ರಾಕೆಟ್‌ನ ಜಾಗ ಬದಲಾದರೆ ಸಾಕು, ಸರಿಯಾದ ಕೋಡ್ ತಪ್ಪಾಗುತ್ತದೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ.

ಇಲ್ಲಿ ನಾನು ಪ್ರತಿ ಸಾಲಿಗೂ ಕಾಸ್ಟ್ ಹಾಕಿ ಅಂತ ಹೇಳಬಹುದಿತ್ತು. ಹೇಳಲಿಲ್ಲ. ಬದಲಿಗೆ 'ಬ್ಲಾಕ್_ಟು_ಬೈಟ್' ಅಂತ ಒಂದು ಪುಟ್ಟ ಫಂಕ್ಷನ್ ಬರೆಯಿರಿ, ಕಾಸ್ಟ್ ಅದರೊಳಗೆ ಒಂದೇ ಕಡೆ ಇರಲಿ, ಬೇರೆ ಎಲ್ಲೂ ಬರಿಗೈಯಲ್ಲಿ ಶಿಫ್ಟ್ ಮಾಡಬೇಡಿ ಅಂದೆ. ಕೋಡ್ ಬರೆದವರಿಗೆ ಇದು ಮೊದಲು ಹಿಡಿಸಲಿಲ್ಲ. "ಒಂದು ಶಿಫ್ಟ್‌ಗೆ ಒಂದು ಫಂಕ್ಷನ್ ಬೇಕಾ?" ಅಂತ ಕೇಳಿದರು. ಬೇಕು ಅಂದೆ. ಶಿಫ್ಟ್ ಅನ್ನುವುದು ಬಿಟ್‌ಗಳನ್ನು ಸರಿಸು ಅಂತ ಮಾತ್ರ ಹೇಳುತ್ತದೆ. ಯಾಕೆ ಸರಿಸುತ್ತಿದ್ದೀವಿ ಅಂತ ಹೆಸರು ಹೇಳುತ್ತದೆ. ಬದಲಾಯಿಸಿ ಕಳಿಸಿದಾಗ ಇನ್ನೊಂದು ಲಾಭ ಕಂಡಿತು. ಒಂದು ಕಡೆ ಅವರು ಬೈಟ್‌ನಲ್ಲಿದ್ದ ಸಂಖ್ಯೆಯನ್ನು ಮತ್ತೆ ಬೈಟ್‌ಗೆ ತಿರುಗಿಸುತ್ತಿದ್ದರು. ಬರೀ ಶಿಫ್ಟ್ ಇದ್ದಾಗ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. 'ಬ್ಲಾಕ್_ಟು_ಬೈಟ್(ಬೈಟ್_ಆಫ್‌ಸೆಟ್)' ಅಂತ ಬರೆದ ಕ್ಷಣ ಅವರಿಗೇ ನಗು ಬಂತು.

ಪೇಜ್ ಇಂಡೆಕ್ಸ್‌ನದೂ (ಫೈಲ್‌ನ ಎಷ್ಟನೇ ಪೇಜ್ ಅನ್ನುವ ಸಂಖ್ಯೆ) ಇದೇ ಕಥೆ, ಆದರೆ ಅದಕ್ಕೊಂದು ತಿರುವು ಇದೆ. ಕರ್ನಲ್‌ನಲ್ಲಿ ಪೇಜ್ ಇಂಡೆಕ್ಸ್‌ನ ಟೈಪ್ ಅನ್‌ಸೈನ್ಡ್ ಲಾಂಗ್. 64 ಬಿಟ್ ಯಂತ್ರದಲ್ಲಿ ಅದು 64 ಬಿಟ್, 32 ಬಿಟ್ ಯಂತ್ರದಲ್ಲಿ 32. ಹಾಗಾಗಿ ಇಂಡೆಕ್ಸನ್ನು ಕಾಸ್ಟ್ ಇಲ್ಲದೆ 12 ಬಿಟ್ ಎಡಕ್ಕೆ ಸರಿಸಿದರೆ ಈಗಿನ ಯಾವ ಲ್ಯಾಪ್‌ಟಾಪ್‌ನಲ್ಲೂ ಏನೂ ಆಗುವುದಿಲ್ಲ. ಹಳೇ ಎಆರ್‌ಎಂ ಬೋರ್ಡ್ ಒಂದರಲ್ಲಿ 4 ಜಿಬಿ ದಾಟಿದ ಫೈಲ್ ಹಾಳಾಗುತ್ತದೆ. ಟೆಸ್ಟ್‌ಗಳೆಲ್ಲ ಪಾಸಾಗಿದ್ದವು ಅಂತ ಪ್ಯಾಚ್ ಬರೆದವರು ಹೇಳಿದ್ದು ಸುಳ್ಳಲ್ಲ. ಟೆಸ್ಟ್ ಓಡಿದ ಯಂತ್ರದಲ್ಲಿ ಈ ಬಗ್‌ಗೆ ಇರಲು ಜಾಗವೇ ಇರಲಿಲ್ಲ.

ನನಗೆ ಅತಿ ಇಷ್ಟವಾದ ಬಗ್ ಯಾವುದು ಅಂದರೆ ಮಾಸ್ಕ್‌ನದು (ಬೇಡದ ಬಿಟ್‌ಗಳನ್ನು 0 ಮಾಡಲು ಬಳಸುವ ಸಂಖ್ಯೆ). ಬೈಟ್ ಆಫ್‌ಸೆಟನ್ನು ಬ್ಲಾಕ್‌ನ ಆರಂಭಕ್ಕೆ ಇಳಿಸಬೇಕು. ಅದಕ್ಕೆ ಎಲ್ಲರೂ ಬರೆಯುವ ಸಾಲು: ಪೋಸ್ & ~(ಬ್ಲಾಕ್‌ಸೈಜ್ - 1). ಈ ಕೋಡ್‌ನ ಹಳೇ ಆವೃತ್ತಿಯಲ್ಲಿ 'ಬ್ಲಾಕ್‌ಸೈಜ್' ಸೈನ್ಡ್ ಇಂಟಿಜರ್ ಆಗಿತ್ತು. ಹೊಸ ಪ್ಯಾಚ್ ಅದನ್ನು ಅನ್‌ಸೈನ್ಡ್ ಮಾಡಿತ್ತು. ಸೈಜ್ ಎಂದೂ ಋಣಾತ್ಮಕ ಆಗಲ್ಲ, ಅನ್‌ಸೈನ್ಡ್ ಹೆಚ್ಚು ಸುರಕ್ಷಿತ ಅನ್ನುವ ಒಳ್ಳೆಯ ಯೋಚನೆಯಿಂದಲೇ ಮಾಡಿದ್ದು. ಆದರೆ ಸೈನ್ಡ್ ಇದ್ದಾಗ ಆ ಮಾಸ್ಕ್ ಒಂದು ಋಣಾತ್ಮಕ ಸಂಖ್ಯೆ. 64 ಬಿಟ್‌ಗೆ ಅಗಲ ಮಾಡುವಾಗ ಮೇಲಿನ 32 ಬಿಟ್‌ಗಳೆಲ್ಲ 1 ಆಗಿ ತುಂಬುತ್ತಿದ್ದವು. ಅದೃಷ್ಟಕ್ಕೆ ಅದೇ ಬೇಕಾಗಿದ್ದದ್ದು. ಅನ್‌ಸೈನ್ಡ್ ಆದ ಮೇಲೆ ಮೇಲಿನ 32 ಬಿಟ್‌ಗಳಲ್ಲಿ 0 ತುಂಬುತ್ತದೆ. ಈಗ 5 ಜಿಬಿ ಆಫ್‌ಸೆಟ್ ಕೊಟ್ಟರೆ 1 ಜಿಬಿ ಅಂತ ಉತ್ತರ. ಸುರಕ್ಷತೆಗಾಗಿ ಮಾಡಿದ ಬದಲಾವಣೆಯೇ ಬಗ್ ತಂದಿತು. ಡಿಫ್ (ಬದಲಾದ ಸಾಲುಗಳ ಪಟ್ಟಿ) ನೋಡಿದರೆ ಬದಲಾದದ್ದು ಸ್ಟ್ರಕ್ಟ್‌ನ (ಫೀಲ್ಡ್‌ಗಳ ಗುಂಪು) ಒಂದು ಸಾಲು ಮಾತ್ರ. ಬಗ್ ಕಾಣುವ ಸಾಲು ಡಿಫ್‌ನಲ್ಲಿ ಇಲ್ಲವೇ ಇಲ್ಲ. ಡಿಫ್ ಮಾತ್ರ ಓದಿ ರಿವ್ಯೂ ಮುಗಿಸುವವರು ಇದನ್ನು ಹಿಡಿಯಲು ಸಾಧ್ಯವೇ ಇರಲಿಲ್ಲ. ಕರ್ನಲ್‌ನಲ್ಲಿ 'ರೌಂಡ್_ಡೌನ್' ಅನ್ನುವ ಮ್ಯಾಕ್ರೋ ಇದೆ. ಅದು ಮಾಸ್ಕನ್ನು ಮೊದಲು 'ಪೋಸ್'ನ ಟೈಪ್‌ಗೆ ತಿರುಗಿಸಿಕೊಂಡು ಆಮೇಲೆ ಲೆಕ್ಕ ಮಾಡುತ್ತದೆ. ಓದೋಕೂ ಚೆನ್ನ, ಲೆಕ್ಕವೂ ಸರಿ. ಅದನ್ನೇ ಬಳಸಿ ಅಂದೆ.

ಇನ್ನು ಬಳಕೆದಾರ ಕೊಡುವ ವ್ಯಾಪ್ತಿಯ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದರೆ ಎಲ್ಲರಿಗೂ ಗೊತ್ತಿದೆ ಅಂದುಕೊಂಡಿರುವ ಪರಿಹಾರವೇ ಇಲ್ಲಿ ಕೈ ಕೊಡುತ್ತದೆ. ಕೋಡ್‌ನಲ್ಲಿ ಇದ್ದದ್ದು: ಪೋಸ್ + ಲೆನ್ > ಮ್ಯಾಕ್ಸ್ ಆದರೆ ಎರರ್. 'ಲೆನ್' ತುಂಬಾ ದೊಡ್ಡದಾಗಿದ್ದರೆ ಕೂಡಿಸಿದ ಮೊತ್ತ ಸುತ್ತಿ ಬಂದು ಚಿಕ್ಕದಾಗುತ್ತದೆ. ಪರೀಕ್ಷೆ ಪಾಸ್. ಇದಕ್ಕೆ ಪಾಠದಂತೆ ಹೇಳಿಕೊಡುವ ಉತ್ತರ ಒಂದಿದೆ. ಕೂಡಬೇಡಿ, ಕಳೆಯಿರಿ. ಲೆನ್ > ಮ್ಯಾಕ್ಸ್ - ಪೋಸ್ ಅಂತ ಬರೆಯಿರಿ. ಪ್ಯಾಚ್‌ನ ಎರಡನೇ ಆವೃತ್ತಿಯಲ್ಲಿ ಅವರು ಹಾಗೇ ಬರೆದು ಕಳಿಸಿದರು.

ನಾನು ಅದನ್ನು ಒಪ್ಪಲಿಲ್ಲ. ಯಾಕೆ ಅಂತ ಹೇಳಲು ಒಂದು ಹಳೇ ಪ್ರಕರಣ ತೋರಿಸಿದೆ. ಸಿವಿಇ-2022-0185 (ಸಿವಿಇ ಅಂದರೆ ಬಹಿರಂಗವಾದ ಸೆಕ್ಯುರಿಟಿ ದೋಷಕ್ಕೆ ಕೊಡುವ ಗುರುತು ಸಂಖ್ಯೆ). ಲಿನಕ್ಸ್ ಕರ್ನಲ್‌ನಲ್ಲಿ ಮೌಂಟ್ ಆಯ್ಕೆಗಳನ್ನು ಒಂದು ಪೇಜ್‌ನಲ್ಲಿ ಕೂಡಿಡುವ ಕೋಡ್ ಇದೆ. ಅದರಲ್ಲಿ ಇದ್ದ ಪರೀಕ್ಷೆ ಕಳೆಯುವ ರೂಪದ್ದೇ: ಲೆನ್ > ಪೇಜ್‌ಸೈಜ್ - 2 - ಸೈಜ್. 'ಸೈಜ್' ಆಗಲೇ 4095 ಮುಟ್ಟಿದ್ದರೆ 4096ರಿಂದ 2 ಕಳೆದು, 4095 ಕಳೆದರೆ -1. ಆದರೆ ಎಲ್ಲ ಅನ್‌ಸೈನ್ಡ್. ಹಾಗಾಗಿ -1 ಅಲ್ಲ, ಊಹೆಗೂ ಮೀರಿದ ದೊಡ್ಡ ಸಂಖ್ಯೆ. ಯಾವ 'ಲೆನ್' ಕೊಟ್ಟರೂ ಅದಕ್ಕಿಂತ ಚಿಕ್ಕದೇ. ಬರೆಯುವುದು ಪೇಜ್ ದಾಟಿ ಪಕ್ಕದ ಮೆಮರಿಗೆ ಹೋಯಿತು. ಅದನ್ನು ಹಿಡಿದುಕೊಂಡು ರೂಟ್ ಅಧಿಕಾರ, ಅಂದರೆ ಯಂತ್ರದ ಪೂರ್ತಿ ಹಿಡಿತ, ಪಡೆಯಬಹುದಿತ್ತು. ಸರಿಪಡಿಸಿದ್ದು ಹೇಗೆ ಗೊತ್ತಾ? ಮತ್ತೆ ಕೂಡುವ ರೂಪಕ್ಕೆ ಬದಲಾಯಿಸಿ: ಸೈಜ್ + ಲೆನ್ + 2 > ಪೇಜ್‌ಸೈಜ್. ಅಲ್ಲಿ 'ಲೆನ್' ಚಿಕ್ಕದು ಅಂತ ಮೊದಲೇ ಖಾತ್ರಿ ಇದ್ದುದರಿಂದ ಕೂಡುವುದೇ ಸುರಕ್ಷಿತ.

ಅಂದರೆ ಕಳೆಯುವುದು ಸರಿ, ಕೂಡುವುದು ತಪ್ಪು ಅಂತ ಏನಿಲ್ಲ. ಕಳೆಯುವ ಮೊದಲು 'ಪೋಸ್' ಮಿತಿಯೊಳಗಿದೆ ಅಂತ ಗೊತ್ತಿರಬೇಕು. ಕೂಡುವ ಮೊದಲು ಎರಡೂ ಚಿಕ್ಕವು ಅಂತ ಗೊತ್ತಿರಬೇಕು. ಗೊತ್ತಿದೆ ಅನ್ನುವುದು ಓದುವವನಿಗೆ ಅದೇ ಜಾಗದಲ್ಲಿ ಕಾಣಬೇಕು. ನಮ್ಮ ಪ್ಯಾಚ್‌ನಲ್ಲಿ 'ಪೋಸ್' ಮಿತಿಯೊಳಗಿದೆಯಾ ಅಂತ ನೋಡುವ ಸಾಲು ಇತ್ತು. ಆದರೆ ಅದು ಇದ್ದದ್ದು ಕರೆಯುವ ಫಂಕ್ಷನ್‌ನಲ್ಲಿ, ಬೇರೆ ಫೈಲ್‌ನಲ್ಲಿ. ಅದೂ ಕರೆಯುವ ಎರಡು ದಾರಿಗಳಲ್ಲಿ ಒಂದರಲ್ಲಿ ಮಾತ್ರ.

ಇನ್ನೊಂದು ಕಡೆ ಅವರೇ ಮೂರನೇ ರೂಪ ಬಳಸಿದ್ದರು: ಅ + ಆ < ಅ ಆದರೆ ಓವರ್‌ಫ್ಲೋ. 64 ಬಿಟ್ ಅನ್‌ಸೈನ್ಡ್‌ಗೆ ಇದು ಸರಿ. ಆದರೆ 16 ಬಿಟ್‌ನ ಎರಡು ಸಂಖ್ಯೆಗೆ ಇದೇ ಸಾಲು ಬರೆದರೆ ಎಂದೂ ನಿಜವಾಗುವುದಿಲ್ಲ. ಸಿ ಭಾಷೆ ಚಿಕ್ಕ ಟೈಪ್‌ಗಳನ್ನು ಕೂಡುವ ಮೊದಲು ಇಂಟ್ ಆಗಿ ಹಿಗ್ಗಿಸುತ್ತದೆ. ಮೊತ್ತ ಇಂಟ್‌ನಲ್ಲಿ ಆರಾಮಾಗಿ ಹಿಡಿಸುತ್ತದೆ, ಸುತ್ತಿ ಬರುವುದೇ ಇಲ್ಲ. ಪ್ಯಾಚ್‌ನಲ್ಲಿ ಎಕ್ಸ್‌ಟೆಂಟ್‌ನ (ಒಂದರ ಪಕ್ಕ ಒಂದಿರುವ ಬ್ಲಾಕ್‌ಗಳ ಸಾಲು) ಉದ್ದ 16 ಬಿಟ್. ಅಲ್ಲಿ ಆ ಪರೀಕ್ಷೆ ಸುಮ್ನೆ ಅಲಂಕಾರಕ್ಕೆ ಇತ್ತು.

ಕೊನೆಗೆ ನಾನು ಕೇಳಿದ್ದು ಕರ್ನಲ್‌ನಲ್ಲೇ ಇರುವ 'ಚೆಕ್_ಆಡ್_ಓವರ್‌ಫ್ಲೋ' ಬಳಸಿ ಅಂತ. 2018ರಲ್ಲಿ 4.18 ಆವೃತ್ತಿಯ ಜೊತೆ ಈ ಹೆಲ್ಪರ್‌ಗಳು ಬಂದವು. ಜಿಸಿಸಿ ಕಂಪೈಲರ್‌ನ 5ನೇ ಆವೃತ್ತಿಯಿಂದ ಅದರೊಳಗೇ ಇರುವ ಸೌಲಭ್ಯವನ್ನೇ ಅವು ಬಳಸುತ್ತವೆ. ಎರಡು ಸಂಖ್ಯೆ ಮತ್ತು ಫಲಿತ ಇಡಬೇಕಾದ ಜಾಗ ಕೊಟ್ಟರೆ, ಆ ಜಾಗದಲ್ಲಿ ಹಿಡಿಸುತ್ತದೋ ಇಲ್ಲವೋ ಅಂತ ಹೇಳುತ್ತದೆ. ಸೈನ್ಡೋ ಅನ್‌ಸೈನ್ಡೋ, 16 ಬಿಟ್ಟೋ 64 ಬಿಟ್ಟೋ ಅಂತ ಓದುವವನು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಜಾಣತನದ ಪರೀಕ್ಷೆಗಿಂತ ಹೆಸರಿರುವ ಪರೀಕ್ಷೆ ನನಗೆ ಯಾವಾಗಲೂ ಹೆಚ್ಚು ಇಷ್ಟ.

ಅಷ್ಟಕ್ಕೇ ಮುಗಿಯಲಿಲ್ಲ. ಮೂರನೇ ಆವೃತ್ತಿ ಬಂದಾಗ ಎಲ್ಲ ಕಡೆ ಹೆಲ್ಪರ್ ಬಂದಿತ್ತು, ಓವರ್‌ಫ್ಲೋ ಆದರೆ ಎಲ್ಲ ಕಡೆ ಎರರ್. ಅದರಿಂದ ಹೊಸ ತೊಂದರೆ ಹುಟ್ಟಿತು. ಫೈಲ್‌ನ ಎಕ್ಸ್‌ಟೆಂಟ್‌ಗಳ ಪಟ್ಟಿ ಕೇಳುವ ಫಿಮ್ಯಾಪ್ ಅನ್ನುವ ಐಆಕ್ಟಲ್ (ಡ್ರೈವರ್‌ಗೆ ಕಳಿಸುವ ವಿಶೇಷ ಕೋರಿಕೆ) ಇದೆ. 'ಫೈಲ್‌ಫ್ರ್ಯಾಗ್' ಟೂಲ್ ಅದಕ್ಕೆ ಉದ್ದವಾಗಿ ಕೊಡುವುದು 64 ಬಿಟ್‌ನ ಅತಿ ದೊಡ್ಡ ಸಂಖ್ಯೆ. ಫೈಲ್‌ನ ಕೊನೆವರೆಗೂ ಅಂತ ಅದರ ಅರ್ಥ. ಖಾಲಿ ಜಾಗ ಯಾವುದು ಅಂತ ಡಿಸ್ಕ್‌ಗೆ ತಿಳಿಸುವ 'ಎಫ್‌ಎಸ್‌ಟ್ರಿಮ್' ಕೂಡ ಏನೂ ಹೇಳದಿದ್ದರೆ ಹಾಗೇ ಕೇಳುತ್ತದೆ. ಶುರು 0 ಬಿಟ್ಟು ಬೇರೆ ಏನಾದರೂ ಇದ್ದರೆ ಕೂಡಿದ ಮೊತ್ತ ಓವರ್‌ಫ್ಲೋ ಆಗಲೇಬೇಕು. ಆದರೆ ಕೇಳಿದ್ದು ತಪ್ಪಲ್ಲ. ಇಲ್ಲಿ ಎರರ್ ಕೊಟ್ಟರೆ ನ್ಯಾಯವಾದ ಟೂಲ್ ಮುರಿದುಬೀಳುತ್ತದೆ. ಇಲ್ಲಿ ಮಾಡಬೇಕಾದದ್ದು ಉದ್ದವನ್ನು ಮಿತಿಗೆ ಕತ್ತರಿಸುವುದು. ಬರೆಯುವ ದಾರಿಯಲ್ಲಿ ತಿರಸ್ಕರಿಸಬೇಕಾದದ್ದನ್ನು ಕೇಳುವ ದಾರಿಯಲ್ಲಿ ಕತ್ತರಿಸಿಕೊಳ್ಳಬೇಕು. ಯಾವ ಹೆಲ್ಪರ್ ಫಂಕ್ಷನ್ ಕೂಡ ಇದನ್ನು ನಮಗಾಗಿ ತೀರ್ಮಾನಿಸಿಕೊಡುವುದಿಲ್ಲ.

ನಮ್ಮಿಬ್ಬರ ನಡುವೆ ನಿಜವಾದ ಜಗ್ಗಾಟ ಆಗಿದ್ದು ಡಿಸ್ಕ್‌ನಿಂದ ಓದಿದ ಸಂಖ್ಯೆಗಳ ಮೇಲೆ. ಎಕ್ಸ್‌ಟೆಂಟ್‌ನ ಶುರು, ಎಕ್ಸ್‌ಟೆಂಟ್‌ನ ಉದ್ದ, ಡೈರೆಕ್ಟರಿ ಎಂಟ್ರಿಗಳ ಎಣಿಕೆ, ಯಾವುದಕ್ಕೂ ಪರೀಕ್ಷೆ ಇರಲಿಲ್ಲ. ಅವರ ವಾದ: "ನಮ್ಮ ಫಾರ್ಮ್ಯಾಟ್ ಟೂಲ್ ಇಂಥ ಸಂಖ್ಯೆ ಬರೆಯೋದೇ ಇಲ್ಲ." ಹೌದು, ಬರೆಯುವುದಿಲ್ಲ. ಆದರೆ ಡಿಸ್ಕ್‌ನಲ್ಲಿ ಇರುವುದೆಲ್ಲ ನಿಮ್ಮ ಟೂಲ್ ಬರೆದದ್ದೇ ಆಗಿರಬೇಕಾಗಿಲ್ಲ ಅಂದೆ. ಬಿಟ್ ಕೆಟ್ಟಿರಬಹುದು. ಯಾರೋ ಬೇಕೆಂದೇ ತಯಾರಿಸಿದ ಇಮೇಜ್ (ಇಡೀ ಡಿಸ್ಕ್‌ನಂತೆ ಬಳಸುವ ಫೈಲ್) ಇರಬಹುದು. ಸಿಝ್‌ಕಾಲರ್‌ನಂಥ ಫಝರ್‌ಗಳು (ಅಡ್ಡಾದಿಡ್ಡಿ ಇನ್‌ಪುಟ್ ಕೊಟ್ಟು ಬಗ್ ಹುಡುಕುವ ಟೂಲ್‌ಗಳು) ಇಂಥ ಹಾಳು ಇಮೇಜ್‌ಗಳನ್ನು ಮಾಡಿ ಮೌಂಟ್ ಮಾಡುವುದನ್ನೇ ಕೆಲಸ ಮಾಡಿಕೊಂಡಿವೆ. ಬೇಕೆಂದೇ ಕೆಡಿಸಿದ ಇಮೇಜ್ ಮೌಂಟ್ ಮಾಡೋಕೆ ರೂಟ್ ಬೇಕು, ರೂಟ್ ಇದ್ದವನು ಏನು ಬೇಕಾದರೂ ಮಾಡಬಹುದು, ಇದು ಸೆಕ್ಯುರಿಟಿ ದೋಷ ಅಲ್ಲ ಅನ್ನುವ ಫೈಲ್‌ಸಿಸ್ಟಂ ಪರಿಣಿತರೂ ಇದ್ದಾರೆ. ಆ ವಾದಕ್ಕೆ ತೂಕ ಇದೆ. ಆದರೂ ಕೆಟ್ಟ ಯುಎಸ್‌ಬಿ ಡ್ರೈವ್ ಚುಚ್ಚಿದ್ದಕ್ಕೆ ಇಡೀ ಯಂತ್ರ ಕೂತುಬಿಟ್ಟರೆ ಅದಕ್ಕೆ ಏನು ಹೆಸರಿಟ್ಟರೂ ಬಳಸುವವನಿಗೆ ಒಂದೇ.

ಅದರಲ್ಲಿ ಎರಡು ವಿಷಯಕ್ಕೆ ನಾನು ಪಟ್ಟು ಹಿಡಿದೆ. ಒಂದು, ಸೂಪರ್‌ಬ್ಲಾಕ್‌ನಲ್ಲಿ ಬ್ಲಾಕ್ ಸೈಜ್ ನೇರ ಇರಲಿಲ್ಲ, ಎಷ್ಟು ಬಿಟ್ ಶಿಫ್ಟ್ ಅನ್ನುವುದು ಇತ್ತು. ಅಲ್ಲಿ 32 ಬಂದರೆ? 32 ಬಿಟ್ ಸಂಖ್ಯೆಯನ್ನು 32 ಬಿಟ್ ಸರಿಸಿದರೆ ಏನಾಗಬೇಕು ಅಂತ ಸಿ ಭಾಷೆ ಹೇಳುವುದಿಲ್ಲ. ಎಕ್ಸ್86 ಪ್ರೊಸೆಸರ್ ಶಿಫ್ಟ್‌ನ ಕೆಳಗಿನ 5 ಬಿಟ್ ಮಾತ್ರ ನೋಡುತ್ತದೆ. ಅದಕ್ಕೆ 32 ಅಂದರೆ 0. ಬ್ಲಾಕ್ ಸೈಜ್ 1 ಬೈಟ್ ಆಗಿ ಕೂರುತ್ತದೆ. ಅಲ್ಲಿಂದ ಮುಂದೆ ಎಲ್ಲ ಲೆಕ್ಕವೂ ಹುಚ್ಚು. ಎರಡು, ಎಂಟ್ರಿಗಳ ಎಣಿಕೆಯನ್ನು ಒಂದು ಎಂಟ್ರಿಯ ಸೈಜ್‌ನಿಂದ ಗುಣಿಸಿ ಮೆಮರಿ ಕೇಳುವ ಸಾಲು. ಗುಣಾಕಾರ ಸುತ್ತಿ ಬಂದರೆ ಸಿಗುವ ಮೆಮರಿ ಚಿಕ್ಕದು. ಕೆಳಗಿನ ಲೂಪ್ ಓಡುವುದು ಪೂರ್ತಿ ಎಣಿಕೆಯಷ್ಟು. ಇದಕ್ಕೆ ಕರ್ನಲ್‌ನಲ್ಲಿ 'ಕೆಮ್ಯಾಲಾಕ್_ಅರೇ' ಇದೆ. ಎಣಿಕೆ ಮತ್ತು ಸೈಜ್ ಬೇರೆ ಬೇರೆ ಕೊಟ್ಟರೆ ಗುಣಾಕಾರವನ್ನು ಅದೇ ನೋಡಿಕೊಳ್ಳುತ್ತದೆ.

ಪರೀಕ್ಷೆ ಎಲ್ಲಿ ಇರಬೇಕು ಅನ್ನುವುದರಲ್ಲೂ ಮಾತು ಬಂತು. ಅವರು ಈಗ ಉತ್ಸಾಹದಿಂದ ಪ್ರತಿ ಫಂಕ್ಷನ್‌ನಲ್ಲೂ ಪರೀಕ್ಷೆ ತುಂಬಲು ಹೊರಟರು. ಅದು ಬೇಡ ಅಂದೆ. ಒಂದೇ ಪರೀಕ್ಷೆ ಹತ್ತು ಕಡೆ ಇದ್ದರೆ ಹನ್ನೊಂದನೇ ಕಡೆ ಬಿಟ್ಟುಹೋಗಿದ್ದು ಗೊತ್ತಾಗುವುದಿಲ್ಲ. ಡಿಸ್ಕ್‌ನಿಂದ ಓದಿ, ಸಂಖ್ಯೆಯ ಬೈಟ್ ಕ್ರಮವನ್ನು ಯಂತ್ರಕ್ಕೆ ತಕ್ಕಂತೆ ತಿರುಗಿಸಿ, ನಮ್ಮ ಸ್ಟ್ರಕ್ಟ್‌ಗೆ ತುಂಬುವ ಜಾಗ ಒಂದೇ ಇರಲಿ. ಅಲ್ಲೇ ಎಲ್ಲ ತಪಾಸಣೆ ಆಗಲಿ. ಅಲ್ಲಿಂದ ಆಚೆಗೆ ಸಂಖ್ಯೆಯನ್ನು ನಂಬಿ ನಡೆಯಿರಿ.

ಅಗಲ ಕುಗ್ಗುವುದರ ಬಗ್ಗೆ ಒಂದು ಮಾತು. 2021ರ ಜುಲೈನಲ್ಲಿ ಕ್ವಾಲಿಸ್ ಸಂಸ್ಥೆ ಹೊರಗೆ ತಂದ ಸಿಕೋಯಾ ಅನ್ನುವ ಬಗ್ ನೆನಪಿರಬಹುದು, ಸಿವಿಇ-2021-33909. ಒಟ್ಟು ಪಾತ್ 1 ಜಿಬಿ ದಾಟುವಷ್ಟು ಆಳದ ಡೈರೆಕ್ಟರಿಗಳನ್ನು ಮಾಡಿ, ಮೌಂಟ್ ಮಾಡಿ, ಅಳಿಸಿ, ಆಮೇಲೆ ಮೌಂಟ್‌ಗಳ ಪಟ್ಟಿ ಓದಿದರೆ ಕರ್ನಲ್ 2 ಜಿಬಿಯ ಬಫರ್ (ತಾತ್ಕಾಲಿಕ ಮೆಮರಿ) ತೆಗೆದುಕೊಳ್ಳುತ್ತಿತ್ತು. ಬಫರ್‌ನ ಸೈಜ್ ಅನ್‌ಸೈನ್ಡ್ 64 ಬಿಟ್‌ನಲ್ಲಿ ಸರಿಯಾಗೇ ಇತ್ತು. ಮುಂದಿನ ಫಂಕ್ಷನ್ ಅದನ್ನು ಇಂಟ್ ಆಗಿ ತೆಗೆದುಕೊಂಡಿತು. 2147483648 ಹೋಗಿ -2147483648 ಆಯಿತು. ಬಫರ್‌ನ ಹಿಂದೆ ಎಲ್ಲೋ ಬರೆಯಿತು. ಅಲ್ಲಿ ಕೂಡುವುದೂ ಇಲ್ಲ, ಗುಣಿಸುವುದೂ ಇಲ್ಲ. ಒಂದು ಫಂಕ್ಷನ್ ಕರೆ ಮಾತ್ರ. ಅದಕ್ಕೇ ನಾನು ಈ ಪ್ಯಾಚ್‌ನಲ್ಲಿ ಫಂಕ್ಷನ್‌ಗಳ ಬಾಗಿಲುಗಳನ್ನೇ ಒಂದು ಸುತ್ತು ಬೇರೆಯಾಗಿ ನೋಡಿದೆ. ಕೊಡುವವನ ಟೈಪ್ ಏನು, ತೆಗೆದುಕೊಳ್ಳುವವನ ಟೈಪ್ ಏನು. ಒಂದು ಕಡೆ ಸಿಕ್ಕಿತು. ಎಷ್ಟು ಬೈಟ್ ನಕಲಾಯಿತು ಅಂತ ಇಂಟ್‌ನಲ್ಲಿ ವಾಪಸ್ ಕೊಡುವ ಫಂಕ್ಷನ್, ಋಣಾತ್ಮಕ ಬಂದರೆ ಎರರ್. ಮಾಮೂಲಿ ರೀಡ್ ರೈಟ್‌ಗೆ ಲಿನಕ್ಸ್ ತಾನೇ 2147479552 ಬೈಟ್ ಮಿತಿ ಹಾಕಿರುವುದರಿಂದ ಆ ದಾರಿಯಲ್ಲಿ ತೊಂದರೆ ಇಲ್ಲ. ಆದರೆ ಈ ಫಂಕ್ಷನನ್ನು ಡ್ರೈವರ್‌ನ ಸ್ವಂತ ಐಆಕ್ಟಲ್ ಕೂಡ ಕರೆಯುತ್ತಿತ್ತು. ಅಲ್ಲಿ ಆ ಮಿತಿ ಲಾಗೂ ಆಗುವುದಿಲ್ಲ. 2 ಜಿಬಿ ಯಶಸ್ವಿಯಾಗಿ ನಕಲಾದರೆ ಅದನ್ನೇ ಎರರ್ ಅಂತ ಓದುತ್ತಿತ್ತು.

ಸಮಯದ ಫೀಲ್ಡ್‌ಗಳನ್ನು ಬೇಗ ಮುಗಿಸಿದೆ. 32 ಬಿಟ್ ಸೈನ್ಡ್ ಸೆಕೆಂಡ್‌ಗಳು 2038ರ ಜನವರಿ 19ಕ್ಕೆ ಮುಗಿಯುತ್ತವೆ. ಹೊಸದಾಗಿ ಬರೆಯುವ ಫೈಲ್‌ಸಿಸ್ಟಂನಲ್ಲಿ ಅದನ್ನು ಇಡಲು ಯಾವ ಕಾರಣವೂ ಇಲ್ಲ. ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್‌ಸಿಸ್ಟಂ ಹೆಚ್ಚುವರಿ ಬಿಟ್ ಸೇರಿಸಿ 2446ರವರೆಗೆ ತಳ್ಳಿಕೊಂಡಿದೆ. ಇವರು ನೇರವಾಗಿ 64 ಬಿಟ್‌ಗೆ ಹೋದರು.

ಟೂಲ್‌ಗಳು ಎಷ್ಟು ಸಹಾಯ ಮಾಡಿದವು ಅಂತ ಕೇಳಿದರೆ, ಸ್ವಲ್ಪ. ಟೈಪ್ ಬದಲಾವಣೆಗೆಲ್ಲ ಎಚ್ಚರಿಸುವ ಕಂಪೈಲರ್ ಆಯ್ಕೆ ಹಾಕಿದರೆ ಎಚ್ಚರಿಕೆಗಳ ಪ್ರವಾಹ. ನಿಜವಾದದ್ದು ಅದರಲ್ಲಿ ಮುಳುಗಿಹೋಗುತ್ತದೆ. ಕೋಡ್ ಓಡುವಾಗಲೇ ಇಂಥ ತಪ್ಪು ಹುಡುಕುವ ಯುಬಿಸ್ಯಾನ್ ಹುಚ್ಚು ಶಿಫ್ಟನ್ನು ಚೆನ್ನಾಗಿ ಹಿಡಿಯಿತು. ಅನ್‌ಸೈನ್ಡ್ ಸುತ್ತಿ ಬರುವುದನ್ನು ಅದು ತಾನಾಗಿ ಹೇಳುವುದಿಲ್ಲ. ಹೇಳುವಂತೆ ಮಾಡುವ ಆಯ್ಕೆ ಕ್ಲಾಂಗ್ ಕಂಪೈಲರ್‌ನಲ್ಲಿದೆ. ಆದರೆ ಹ್ಯಾಶ್ ಮತ್ತು ಚೆಕ್‌ಸಮ್ ಕೋಡ್ ಬೇಕೆಂದೇ ಸುತ್ತಿ ಬರುವಂಥದ್ದು. ಅಲ್ಲೆಲ್ಲ ಸುಳ್ಳು ಕೂಗು. 'ಸ್ಪಾರ್ಸ್' ಟೂಲ್ ಮಾತ್ರ ಬಂಗಾರದಂಥದ್ದು. ಡಿಸ್ಕ್‌ನ ಬೈಟ್ ಕ್ರಮದಲ್ಲೇ ಇರುವ ಸಂಖ್ಯೆಯನ್ನು ತಿರುಗಿಸದೆ ಕೂಡಿದ್ದ ಜಾಗವನ್ನು ಅದು ಸರಿಯಾಗಿ ತೋರಿಸಿತು.

ಟೆಸ್ಟ್‌ಗೆ ದೊಡ್ಡ ಡಿಸ್ಕ್ ಬೇಕಾಗಲಿಲ್ಲ. ಎಕ್ಸ್‌ಎಫ್‌ಎಸ್ ಅನ್ನುವ ಫೈಲ್‌ಸಿಸ್ಟಂ ಮೇಲೆ 'ಟ್ರಂಕೇಟ್' ಕಮಾಂಡ್‌ನಿಂದ 20 ಟಿಬಿಯ ಟೊಳ್ಳು ಫೈಲ್ ಮಾಡಿ, ಅದನ್ನೇ ಲೂಪ್ ಡಿವೈಸ್ ಮಾಡಿದರೆ, ಅಂದರೆ ಫೈಲನ್ನೇ ಡಿಸ್ಕ್‌ನಂತೆ ಬಳಸಿದರೆ, ಆಯಿತು. ನಿಜವಾಗಿ ಹಿಡಿಯುವ ಜಾಗ ಬರೆದಷ್ಟೇ. 4 ಕೆಬಿ ಬ್ಲಾಕ್‌ನ ಇಎಕ್ಸ್‌ಟಿ4ನಲ್ಲಿ ಒಂದು ಫೈಲ್ 16 ಟಿಬಿಗೆ ನಿಲ್ಲುತ್ತದೆ, ಅದಕ್ಕೇ ಎಕ್ಸ್‌ಎಫ್‌ಎಸ್. ಆಮೇಲೆ 2 ಜಿಬಿ, 4 ಜಿಬಿ, 16 ಟಿಬಿ, ಈ ಗಡಿಗಳ ಒಂದು ಬೈಟ್ ಹಿಂದೆ, ಗಡಿಯ ಮೇಲೆ, ಒಂದು ಬೈಟ್ ಮುಂದೆ ಬರೆದು ಓದಿಸಿದೆವು. ಓದುವುದಷ್ಟೇ ಸಾಲದು, ಫೈಲ್‌ನ 0ನೇ ಬೈಟ್ ಹಾಳಾಗಿಲ್ಲ ಅಂತಲೂ ನೋಡಬೇಕು. ಇದೇ ಟೆಸ್ಟನ್ನು, 16 ಟಿಬಿ ಗಡಿ ಬಿಟ್ಟು, ಚಿಕ್ಕ ಇಮೇಜ್ ಇಟ್ಟುಕೊಂಡು 32 ಬಿಟ್ ಕರ್ನಲ್‌ನಲ್ಲಿ ಕ್ಯೂಇಎಂಯು (ಇನ್ನೊಂದು ಯಂತ್ರವನ್ನು ಅನುಕರಿಸುವ ಪ್ರೋಗ್ರಾಂ) ಒಳಗೆ ಓಡಿಸಿ ಅಂತ ಕೇಳಿದೆ. ಪೇಜ್ ಇಂಡೆಕ್ಸ್‌ನ ಬಗ್ ಅಲ್ಲಿ ಮೊದಲ ಓಟದಲ್ಲೇ ಕಾಣಿಸಿಕೊಂಡಿತು.

ಕೋಡ್‌ನಲ್ಲಿ ಅಲ್ಲಲ್ಲಿ 'ಇಲ್ಲಿ ಓವರ್‌ಫ್ಲೋ ಆಗುವುದಿಲ್ಲ' ಅಂತ ಕಾಮೆಂಟ್ ಇತ್ತು. ನನಗೆ ಇಂಥ ಕಾಮೆಂಟ್ ಕಂಡರೆ ಆಗಲ್ಲ. ಯಾಕೆ ಆಗುವುದಿಲ್ಲ ಅಂತ ಬರೆಯಿರಿ ಅಂದೆ. 'ಎಕ್ಸ್‌ಟೆಂಟ್ ಓದುವಾಗಲೇ ಉದ್ದ 32768 ದಾಟಿಲ್ಲ ಅಂತ ನೋಡಿದೆ' ಅಂತ ಬರೆದರೆ ಮುಂದೆ ಆ ಮಿತಿ ಬದಲಾಯಿಸುವವನಿಗೆ ಎಲ್ಲಿ ಬಂದು ನೋಡಬೇಕು ಅಂತ ಗೊತ್ತಾಗುತ್ತದೆ. ಒಂದು ಕಡೆ ಕಾರಣ ಬರೆಯಲು ಕೂತವರು ಕಾರಣ ಸಿಗದೆ, ಕಾಮೆಂಟ್ ತೆಗೆದು ಪರೀಕ್ಷೆಯನ್ನೇ ಹಾಕಿ ಕಳಿಸಿದರು.

ಹೆಸರುಗಳಲ್ಲಿ ಎಲ್ಲವನ್ನೂ ನಾನು ಗೆಲ್ಲಲಿಲ್ಲ. ಮೂರು ಸಾಲಿನ ಫಂಕ್ಷನ್‌ಗಳಲ್ಲಿ 'ಲೆನ್' ಹಾಗೇ ಉಳಿಯಿತು. ಅದಕ್ಕೆ ಜಗಳ ಬೇಡ ಅನ್ನಿಸಿತು. ಅಳತೆ ಬದಲಾಗುವ ಫಂಕ್ಷನ್‌ಗಳಲ್ಲಿ ಮಾತ್ರ 'ಲೆನ್_ಬ್ಲಾಕ್ಸ್', 'ಲೆನ್_ಬೈಟ್ಸ್' ಅಂತ ಬೇರೆ ಬೇರೆ ಆದವು.

ಉಳಿದ ಒಂದೇ ತಕರಾರು ಮೇಲಕ್ಕೆ ರೌಂಡ್ ಮಾಡುವ ಲೆಕ್ಕದ್ದು. ಬೈಟ್‌ಗೆ ಬ್ಲಾಕ್‌ಸೈಜ್ ಕೂಡಿ, 1 ಕಳೆದು, ಭಾಗಿಸುವ ಹಳೇ ಸೂತ್ರ. ಸಂಖ್ಯೆಯ ತುತ್ತತುದಿಯಲ್ಲಿ ಇದೂ ಸುತ್ತಿ ಬರುತ್ತದೆ. ಅವರು ಒಂದು ಒಳ್ಳೆಯ ದಾರಿ ಹೇಳಿದರು. ಫೈಲ್‌ಸಿಸ್ಟಂನ ಅತಿ ದೊಡ್ಡ ಫೈಲ್ ಸೈಜನ್ನೇ ಒಂದು ಬ್ಲಾಕ್‌ನಷ್ಟು ಕಡಿಮೆ ಘೋಷಿಸಿಬಿಟ್ಟರೆ ವಿಎಫ್‌ಎಸ್ (ಎಲ್ಲ ಫೈಲ್‌ಸಿಸ್ಟಂಗಳ ಮೇಲಿರುವ ಕರ್ನಲ್‌ನ ಪದರ) ಅದಕ್ಕಿಂತ ದೊಡ್ಡದನ್ನು ಒಳಗೆ ಬಿಡುವುದೇ ಇಲ್ಲ. ಸೂತ್ರ ಮುಟ್ಟಬೇಕಾಗಿಲ್ಲ. ರೀಡ್, ರೈಟ್, ಟ್ರಂಕೇಟ್‌ಗೆ ಇದು ಸಾಕು ಅಂತ ಒಪ್ಪಿದೆ. ಅವರದೇ ಐಆಕ್ಟಲ್‌ಗೆ ಸಾಲದು, ಅದು ವಿಎಫ್‌ಎಸ್‌ನ ಆ ತಪಾಸಣೆಯ ಮೂಲಕ ಬರುವುದೇ ಇಲ್ಲ. ಹಾಗಾಗಿ ಉಳಿದ ಎಲ್ಲ ಪ್ಯಾಚ್‌ಗಳಿಗೂ ನನ್ನ ರಿವ್ಯೂಡ್-ಬೈ (ನೋಡಿ ಒಪ್ಪಿದ್ದೇನೆ ಅನ್ನುವ ಗುರುತು) ಕೊಟ್ಟೆ. ಐಆಕ್ಟಲ್‌ನ ಪ್ಯಾಚ್ ಒಂದನ್ನು, ಅದರ ಗಡಿಯ ಟೆಸ್ಟ್ ಸಮೇತ ಬೇರೆಯಾಗಿ ಕಳಿಸಿ ಅಂತ ವಾಪಸ್ ಮಾಡಿದೆ.